ಹತ್ತು ಎಣಿಸುವವರೆಗೆ

೧
ಎಲ್ಲಿಂದ ಶುರು ಮಾಡಲಿ? ಜ್ವರದಿಂದ ಶುರು ಮಾಡಿದರೆ ನೀವು ಪುಟ ಮಗುಚಿಬಿಡುತ್ತೀರಿ. ಆ ರೋಗದ ಕಾಲದ ಕಥೆ ಈಗ ಯಾರಿಗೂ ಬೇಡ. (ನನಗೂ ಬೇಡ.) ಹಾಗಾಗಿ ಮೈಕಿನಿಂದ.

ಮೈಕಣ್ಣ ಗಾಡಿಗೆ ಮೈಕು ಕಟ್ಟಿಕೊಂಡು ಬೀದಿ ಬೀದಿ ಪ್ರಚಾರ ಮಾಡುವವನು. ಚಪ್ಪಲಿ ರಿಯಾಯಿತಿ, ನಲ್ಲಿ ಬಾರದ ದಿನ, ಕಳೆದುಹೋದ ಮಗು, ಎಲ್ಲಕ್ಕೂ ಅದೇ ಕಂಚಿನ ಕಂಠ. ರೋಗ ಬಂದ ಮೊದಲ ವರ್ಷ ಯಾರೋ ಹೇಳಿಕೊಟ್ಟಿದ್ದನ್ನು ಕೂಗಿದ: "ಹತ್ತು ಎಣಿಸೋವರೆಗೆ ಕೆಮ್ಮದೆ ಉಸಿರು ಹಿಡಿದ್ರೆ ನಿಮಗೆ ರೋಗ ಇಲ್ಲ!" ಬೀದಿಗೆ ಬೀದಿಯೇ ಬಾಲ್ಕನಿಗೆ ಬಂದು ಉಸಿರು ಹಿಡಿಯಿತು.

೨
ಎರಡನೇ ವರ್ಷ ಅದೇ ಕಂಠ "ಅದು ಸುಳ್ಳು, ನಂಬಬೇಡಿ" ಎಂದಿತು. ಜನ ನಕ್ಕರು. ಮೂರನೇ ವರ್ಷ, "ಅಯ್ಯೋ, ಅದನ್ನ ನಾವೆಲ್ಲಿ ನಂಬಿದ್ವಿ?" ಎಂದರು. ಉಸಿರು ಹಿಡಿದು ತಲೆಸುತ್ತಿ ಬಿದ್ದಿದ್ದ ಪಕ್ಕದ ಮನೆ ಮೇಷ್ಟ್ರೂ ಹಾಗೇ ಅಂದರು.

ಬಿಡದೆ ನಂಬಿದವಳು ಒಬ್ಬಳೇ, ಮೈಕಣ್ಣನ ಅಮ್ಮ.

೩
(ಇಲ್ಲೊಂದು ಪ್ಯಾರಾ ಇತ್ತು, ಹೊಡೆದುಹಾಕಿದೆ. ಅದರಲ್ಲಿ ಅಮ್ಮನಿಗೆ ಏನೂ ಆಗಿರಲಿಲ್ಲ.)

ಇವತ್ತು ಅಮ್ಮನಿಗೆ ಜ್ವರ. ತುಟಿ ನೀಲಿಯಾಗುತ್ತಿದೆ. ಬಾಗಿಲಲ್ಲಿ ಗಾಡಿ ಸ್ಟಾರ್ಟ್ ಆಗಿ ನಿಂತಿದೆ.

"ಆಸ್ಪತ್ರೆಗೆ ನಡಿಯಮ್ಮ."

"ಬೆಳಗ್ಗೆ ಹತ್ತು ಎಣಿಸೋವರೆಗೂ ಉಸಿರು ಹಿಡಿದೆ ಕಣೋ. ನಂಗೇನೂ ಇಲ್ಲ."

"ಅದು ಸುಳ್ಳು ಅಂತ ನಾನೇ ಕೂಗ್ಲಿಲ್ವಾ?"

"ನಿಜ ಅಂತ ಕೂಗಿದ್ದೂ ನೀನೇ. ಊರು ಆಗ ನಂಬ್ತು, ಈಗ ನಗುತ್ತೆ. ನಾನು ಊರನ್ನ ನಂಬಿದ್ದಲ್ಲ, ನಿನ್ನನ್ನ. ಬೇಕಾದ್ರೆ ಈಗ್ಲೇ ಎಣಿಸು. ಸೋತ್ರೆ ಬರ್ತೀನಿ."



೪
ಅಂತ್ಯ ಒಂದು: ಅಮ್ಮ ಮೂರಕ್ಕೇ ಕೆಮ್ಮಿ ಗಾಡಿ ಹತ್ತುತ್ತಾಳೆ. "ಅದನ್ನೇ ಬರೀರಿ ಸಾರ್, ಕೈ ಮುಗೀತೀನಿ" ಎಂದು ನನ್ನನ್ನೇ ಬೇಡಿದ ಮೈಕಣ್ಣ. ಬರೆದೆ. ಆದರೂ ಅಮ್ಮ ಕೆಮ್ಮಲಿಲ್ಲ, ಅವಳ ಹಟದ ಮುಂದೆ ನನ್ನ ಆಟ ನಡೆಯುವುದಿಲ್ಲ.

ಅಂತ್ಯ ಎರಡು: ಹತ್ತು ಮುಟ್ಟಿ, ಗೆದ್ದೆನೆಂದು ಗೋಡೆ ಕಡೆ ತಿರುಗಿ ಮಲಗುತ್ತಾಳೆ. ಅದರಾಚೆಗೆ ಬರೆಯಲು ನನಗೆ ಭಯ.

ಮೂರನೆಯದನ್ನು ಮೈಕಣ್ಣನೇ ಹುಡುಕಿಕೊಂಡ. ಎಣಿಕೆಯನ್ನೇ ಎಳೆಯುವುದು. ಹತ್ತು ಬರುವುದರೊಳಗೆ ಅವಳು ಸೋಲಬೇಕು. ಇನ್ನೊಂದು ಸುಳ್ಳು, ಅದೇ ಕಂಠದಲ್ಲಿ.

೫
ಅಮ್ಮ ಕಣ್ಣು ಮುಚ್ಚಿದ್ದಾಳೆ. "ನಾ...ಲ್ಕು." ತುಂಬ ಹೊತ್ತು ತಡೆದು, "ಐ...ದು." ಅವಳಿಗೆ ಅನುಮಾನವೇ ಇಲ್ಲ, ಎಣಿಸುತ್ತಿರುವವನು ಮಗ. ಕತ್ತಿನ ನರ ಉಬ್ಬಿದೆ, ಬೆರಳುಗಳು ಹೊದಿಕೆಯನ್ನು ಹಿಂಡುತ್ತಿವೆ. ಆದರೂ ಬಾಯಿ ತೆರೆಯಳು.

"ಸಾಕಮ್ಮ, ಉಸಿರು ಬಿಡು! ನಾನು ಸುಳ್ಳು ಎಣಿಸಿದೆ!"

ಅಮ್ಮ ತಲೆ ಅಲ್ಲಾಡಿಸಿ, 'ಮುಂದೆ ಎಣಿಸು' ಎಂದು ಸನ್ನೆ ಮಾಡುತ್ತಾಳೆ.

ಈಗ ಹತ್ತು ಅಂದುಬಿಟ್ಟರೆ ಉಸಿರು ಬಿಡುತ್ತಾಳೆ, ಆಸ್ಪತ್ರೆಗೆ ಬರುವುದಿಲ್ಲ. ಅನ್ನದಿದ್ದರೆ ಉಸಿರೇ ಬಿಡುವುದಿಲ್ಲ. ಏನು ಬರೆಯಲಿ? ಮೈಕಣ್ಣನ ಬಾಯಿ ತೆರೆದಿದೆ, ಸ್ವರ ಹೊರಡುತ್ತಿಲ್ಲ.

ಪುಟ ಮಗುಚಬೇಡಿ. ಅಮ್ಮ ಇನ್ನೂ ಉಸಿರು ಹಿಡಿದೇ ಇದ್ದಾಳೆ.