ನಾನು ಈರಪ್ಪನ ಕುರ್ಚಿ

ನಾನು ಒಂದು ಆರಾಮ ಕುರ್ಚಿ. ಬೆಳಗಾವಿಯ ಶಹಾಪುರದಲ್ಲಿ ಮಾನಪ್ಪ ಸುತಾರ ಎಂಬ ಬಡಿಗ, ಕೆಡವಿದ ಮನೆಯೊಂದರ ಸಾಗವಾನಿ ತೊಲೆಯನ್ನು ಕೊಯ್ದು ನನ್ನನ್ನು ಮಾಡಿದ. ಬೆನ್ನಿಗೂ ಕೂರುವಲ್ಲಿಗೂ ಬೆತ್ತ ಹೆಣೆದ. ಮಾಡಿಸಿದವನು ಅದೇ ಓಣಿಯ ನೇಕಾರ ಈರಪ್ಪ ಹವಳಕೋಡ. ನಲವತ್ತು ವರ್ಷ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದು ಅವನ ಸೊಂಟ ಹೋಗಿತ್ತು. ನೆಲದ ಮೇಲೆ ಕೂತರೆ ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು.

"ಮಾನಪ್ಪಾ, ಕುಂತಾಗ ನನ್ನ ಅಂಗಾಲು ಪೂರಾ ನೆಲಕ್ಕ ಹತ್ತಬೇಕು ನೋಡಪಾ," ಎಂದು ಈರಪ್ಪ ಹೇಳಿದ್ದ. ಅದಕ್ಕೇ ನಾನು ಉಳಿದ ಆರಾಮ ಕುರ್ಚಿಗಳಿಗಿಂತ ಗಿಡ್ಡ.

ಅಂಗಾಲು ಯಾಕೆ ನೆಲಕ್ಕೆ ಹತ್ತಬೇಕಿತ್ತು ಎಂಬುದು ಮೊದಲ ದಿನವೇ ತಿಳಿಯಿತು. ಮಗ್ಗ ಬಿಟ್ಟರೂ ಈರಪ್ಪನ ಬಲಗಾಲು ಮಗ್ಗ ಬಿಟ್ಟಿರಲಿಲ್ಲ. ಚಹಾ ಕುಡಿಯುವಾಗ, ಮಾತಾಡುವಾಗ, ತೂಕಡಿಸುವಾಗ ಕೂಡ ಅದು ನೆಲವನ್ನು ಒತ್ತುತ್ತಿತ್ತು, ಒತ್ತಿ ಬಿಡುತ್ತಿತ್ತು. ಇಲ್ಲದ ಮಗ್ಗದ ಹಲಗೆಯನ್ನು ತುಳಿಯುವ ಆ ಲಯ ನನ್ನ ಕೀಲುಕೀಲಿಗೂ ಇಳಿಯಿತು. ನಾಲ್ಕು ವರ್ಷ ನಾನು ಅದರಲ್ಲೇ ಬದುಕಿದೆ.

ಒಂದು ಭಾನುವಾರ ಮಧ್ಯಾಹ್ನ ಈರಪ್ಪನ ಇಬ್ಬರು ಗಂಡುಮಕ್ಕಳು ಅವನೆದುರೇ ನೆಲದ ಮೇಲೆ ಕೂತು, ಹಳೆಯ ಮಗ್ಗವನ್ನು ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ವಾದ ಮಾಡುತ್ತಿದ್ದರು. ಮಾತಿನ ನಡುವೆ ಕಾಲು ನಿಂತಿತು. ನನಗೆ ಕೂಡಲೇ ಗೊತ್ತಾಯಿತು. ಮಕ್ಕಳಿಗೆ ಗೊತ್ತಾಗಲಿಲ್ಲ. ಅವರು ವಾದ ಮುಗಿಸಿದರು, ಸಿಟ್ಟಾದರು, ಸಮಾಧಾನವೂ ಆದರು. ಕಿರಿಯವನು ಒಳಗಿನಿಂದ ಲೋಟ ತಂದ. "ಅಪ್ಪಾ, ಚಾ ಆರತೈತಿ," ಎಂದ. ಎರಡು ಸಲ ಅಂದ ಮೇಲೆ ಮಗನ ಕೈಯಿಂದ ಲೋಟ ಬಿತ್ತು.

ಆ ಕಿರಿಯ ಮಗ ಗುರುಪಾದ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ. ಬಿಡುವಿನಲ್ಲಿ ನಾಟಕದ ಹುಚ್ಚು. ಊರಿನ ಹವ್ಯಾಸಿ ಮರಾಠಿ ತಂಡದಲ್ಲಿ ಪೋಲೀಸನೋ ಭಟ್ಟನೋ ಆಗಿ ಬಂದು ಹೋಗುತ್ತಿದ್ದ. ಆ ತಂಡದ ನಿರ್ದೇಶಕ ಮುಕುಂದ ಕಡೋಲಕರ, ಶಾಲೆಯೊಂದರ ಡ್ರಾಯಿಂಗ್ ಮಾಸ್ತರ, ಗುರುಪಾದನ ಬಾಲ್ಯದ ಗೆಳೆಯ. ಮುಕುಂದನ ಮನೆಮಾತು ಮರಾಠಿ. ಆದರೂ ಇವರಿಬ್ಬರೂ ಒಬ್ಬರಿಗೊಬ್ಬರು ಕನ್ನಡವನ್ನೇ ಆಡುತ್ತಿದ್ದರು.

ಮೂರನೆಯ ದಿನ ಮುಕುಂದ ಮಾತಾಡಿಸಲು ಬಂದ. ಗುರುಪಾದ ನಡೆದುದನ್ನೆಲ್ಲ ಹೇಳಿದ. "ಮೂರು ಮಾರು ದೂರ ಇದ್ನೋ ಮುಕುಂದಾ, ನನಗ ಕಾಣಲಿಲ್ಲ," ಎಂದು ಅತ್ತ. ಮುಕುಂದ ಅವನ ಬೆನ್ನು ಸವರಿದ. ಆದರೆ ಅವನ ಕಣ್ಣು ನನ್ನ ಕಾಲುಗಳ ಬಳಿಯ ನೆಲದ ಮೇಲಿತ್ತು. ಅಲ್ಲಿ ಈರಪ್ಪನ ಕಾಲು ಉಜ್ಜಿ ಉಜ್ಜಿ ಹಾಸುಗಲ್ಲು ನುಣುಪಾಗಿತ್ತು.

"ಗುರ್‍ಯಾ," ಎಂದ ಮುಕುಂದ, "ಇನ್ನೊಮ್ಮೆ ಹೇಳ. ಕಾಲು ನಿಂತಾಗ ನೀವು ಏನ ಮಾತಾಡಾಕತ್ತಿದ್ರಿ?"

ಗುರುಪಾದ ಇನ್ನೊಮ್ಮೆ ಹೇಳಿದ. ಕೇಳುವವನೊಬ್ಬ ಸಿಕ್ಕನೆಂದು ಅವನಿಗೆ ಸಮಾಧಾನವೇ ಆಗಿರಬೇಕು.

ವರ್ಷ ತುಂಬುವುದರೊಳಗೆ ಮುಕುಂದ ನಾಟಕ ಬರೆದ. ಅದಕ್ಕೆ 'ಆಬಾಂಚೀ ಖುರ್ಚೀ', ಅಂದರೆ ಅಪ್ಪನ ಕುರ್ಚಿ, ಎಂದು ಹೆಸರಿಟ್ಟ. ಆಬಾ ಎಂಬ ಮುದುಕ ನೇಕಾರನೊಬ್ಬ ನಾಟಕದ ಉದ್ದಕ್ಕೂ ಕುರ್ಚಿಯಲ್ಲೇ ಇರುತ್ತಾನೆ. ಸುತ್ತ ಮಕ್ಕಳ ಜಗಳ. ಕೊನೆಗೆ ಅವನ ಕಾಲು ನಿಲ್ಲುತ್ತದೆ. ಪ್ರೇಕ್ಷಕರಿಗೆ ತಿಳಿಯುತ್ತದೆ, ಮಕ್ಕಳಿಗೆ ತಿಳಿಯುವುದಿಲ್ಲ. ಪರದೆ ಬೀಳುತ್ತದೆ.

ಮುದುಕನ ಪಾತ್ರ ಗುರುಪಾದನಿಗೆ. ತಾಲೀಮು ಶಾಲೆಯ ಹಾಲಿನಲ್ಲಿ. ಗುರುಪಾದನೇ ನನ್ನನ್ನು ತಲೆಯ ಮೇಲೆ ಹೊತ್ತು ತಂದ. ಆದರೆ ಕೂರಲು ಒಲ್ಲೆ ಎಂದ.

"ಅಪ್ಪ ಸತ್ತ ಕುರ್ಚಿ ಇದು. ಬ್ಯಾರೇದು ತರೂಣು."

"ಬ್ಯಾರೇದು ತಂದ್ರ ಅದು ನಾಟಕದ ಕುರ್ಚಿ ಆಕ್ಕೈತಿ," ಎಂದ ಮುಕುಂದ. "ನನಗ ಸುಳ್ಳು ಬ್ಯಾಡ. ನಿನ್ನ ಅಪ್ಪ ಸಾಯಾಗ ಯಾರೂ ನೋಡಲಿಲ್ಲ, ಹೌದಿಲ್ಲೋ? ಈಗ ಸಾವಿರ ಮಂದಿ ನೋಡ್ತಾರ. ಕುಂಡ್ರು."

ಗುರುಪಾದ ಕೂತ. ಮುಕುಂದನ ಬಗ್ಗೆ ನನಗೆ ಎಷ್ಟೇ ಕಹಿ ಇದ್ದರೂ ಇದನ್ನು ಹೇಳಲೇಬೇಕು: ಅವನಿಗೆ ಕಣ್ಣಿತ್ತು. ಆರು ವಾರ ಅವನು ಗುರುಪಾದನಿಂದ ಒಂದೊಂದೇ ನಟನೆಯನ್ನು ಕಿತ್ತುಹಾಕಿದ. ನಡುಗುವ ಕೈ ಬೇಡ. ಕೆಮ್ಮು ಬೇಡ. "ನೀ ಅಳಬ್ಯಾಡ. ಅಳಾಕ ಮಂದಿ ಟಿಕೆಟ್ ತಗಸ್ಯಾರ." ಗುರುಪಾದನ ಮರಾಠಿಯಲ್ಲಿ ಕನ್ನಡ ಇಣುಕುತ್ತಿತ್ತು, ಅದಕ್ಕಾಗಿ ಮುದುಕನ ಮಾತುಗಳನ್ನು ಹನ್ನೊಂದು ವಾಕ್ಯಕ್ಕೆ ಇಳಿಸಿದ. ಕೊನೆಗೆ ಉಳಿದದ್ದು ಒಂದು ಕಾಲು. ಒಂದು ಸಂಜೆ ಗುರುಪಾದನ ಬಲಗಾಲು ನೆಲ ಒತ್ತಿದಾಗ ನನ್ನ ಕೀಲುಗಳು ಬೆಚ್ಚಿದವು. ಅದು ಈರಪ್ಪನೇ.

ಸಾಂಗಲಿಯ ಸ್ಪರ್ಧೆಯಲ್ಲಿ ಆ ಕಾಲು ನಿಂತಾಗ ಮೊದಲ ಸಾಲಿನ ಹೆಂಗಸೊಬ್ಬಳು "ಅಯ್ಯೋ, ಯಾರಾದರೂ ನೋಡ್ರೋ" ಎಂದು ಮರಾಠಿಯಲ್ಲಿ ಕೂಗಿಬಿಟ್ಟಳು. ನಿರ್ದೇಶನದ ಬಹುಮಾನ ಮುಕುಂದನಿಗೆ ಬಂತು. ಪುಣೆಗೆ ಹೋದೆವು, ಮುಂಬಯಿಗೆ ಹೋದೆವು. ಮುಕುಂದ ಮಾಸ್ತರಿಕೆ ಬಿಟ್ಟು ಹೆಂಡತಿ ಶಾಲಿನಿಯ ಜೊತೆ ದಾದರಿನಲ್ಲಿ ಮನೆ ಮಾಡಿದ. ಪತ್ರಿಕೆಗಳು ಅವನನ್ನು ಹೊಸ ರಂಗಭೂಮಿಯ ಹೊಸ ದನಿ ಎಂದು ಕರೆದವು. ಗುರುಪಾದ ಅಂಚೆ ಕಚೇರಿ ಬಿಡಲಿಲ್ಲ, ರಜೆ ಹಾಕಿ ಪ್ರಯೋಗಗಳಿಗೆ ಬರುತ್ತಿದ್ದ. ಬಡ್ತಿಯ ಪರೀಕ್ಷೆಗೂ ಕೂರಲಿಲ್ಲ. ಪಾಸಾದರೆ ದೂರ ವರ್ಗ ಮಾಡುತ್ತಾರೆ, ನಾಟಕ ತಪ್ಪುತ್ತದೆ.

ನೂರನೆಯ ಪ್ರಯೋಗದ ದಿನ ಮುಕುಂದ ರಂಗದ ಮೇಲೆ ತನ್ನ ಕೊರಳಿನ ಹಾರ ತೆಗೆದು ಗುರುಪಾದನಿಗೆ ಹಾಕಿದ. "ಇದು ಸಿನಿಮಾ ಆದರೆ ಆಬಾ ಇವನೇ. ಇವನಿಲ್ಲದಿದ್ದರೆ ಸಿನಿಮಾ ಇಲ್ಲ," ಎಂದು ಎಲ್ಲರೆದುರು ಹೇಳಿದ. ಗುರುಪಾದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದ.

ಸಿನಿಮಾ ಆಯಿತು. ಶೂಟಿಂಗ್ ನಡೆಯಲಿದ್ದ ಕೊಲ್ಹಾಪುರದಿಂದ ಮುಕುಂದನ ಕಾಗದ ಬಂತು: ಎಂಟು ದಿನ ರಜೆ ಹಾಕಿ ಬಾ, ಕುರ್ಚಿಯನ್ನೂ ತಾ. ಗುರುಪಾದ ತಿಂಗಳ ಮುಂಚಿನಿಂದಲೇ ಗಡ್ಡ ಬಿಟ್ಟಿದ್ದ. ಅಲ್ಲಲ್ಲಿ ಬೆಳ್ಳಗಾದ ಆ ಗಡ್ಡವನ್ನು ಹೆಂಡತಿ ಎದುರು ಕನ್ನಡಿಯಲ್ಲಿ ನೋಡಿಕೊಂಡು ನಗುತ್ತಿದ್ದ. ಬಸ್ಸಿನ ಮೇಲೆ ನನ್ನನ್ನು ಹಗ್ಗ ಹಾಕಿ ಕಟ್ಟಿದರು.

ಸ್ಟುಡಿಯೋದಲ್ಲಿ ಈರಪ್ಪನ ಮನೆಯಂಥದೇ ಮನೆ ಕಟ್ಟಿದ್ದರು. ಅದರ ನಡುವೆ ಆಬಾನ ಧೋತರ ಉಟ್ಟು, ಅಂಟಿಸಿದ ಗಡ್ಡದಲ್ಲಿ ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ಅವನು ಪ್ರತಾಪ ನಿಂಬಾಳ್ಕರ. ಊರೂರಿನ ಗೋಡೆಗಳ ಮೇಲೆ ಅವನ ಮುಖ ಇರುತ್ತಿದ್ದ ಕಾಲ ಅದು. ಗುರುಪಾದ ನನ್ನನ್ನು ಕೆಳಗಿಟ್ಟು ಹಾಗೇ ನಿಂತ.

ಮುಕುಂದ ಬಂದು ಅವನ ಹೆಗಲ ಮೇಲೆ ಕೈ ಹಾಕಿದ. "ನಿರ್ಮಾಪಕರು ಕೇಳಲಿಲ್ಲೋ ಗುರ್‍ಯಾ. ಹೆಸರು ಇರೋ ನಟ ಬೇಕಂದ್ರು. ನಾ ಒಪ್ಪಲಿಲ್ಲಂದ್ರ ಸಿನಿಮಾನ ಆಗತಿರಲಿಲ್ಲ."

"ಹಂಗಾರ ನನ್ನ ಯಾಕ ಕರಿಸಿದಿ?"

"ನೀ ಅವರಿಗೆ ಒಂದ್ಸಲ ಮಾಡಿ ತೋರಸು. ಕಾಲಿನ ಆ ಲಯ ಅವರಿಗೆ ಸಿಗವಲ್ದು."

ಗುರುಪಾದ ಚಪ್ಪಲಿ ಬಿಟ್ಟು ಬಂದು ನನ್ನಲ್ಲಿ ಕೂತ. ದೀಪಗಳು ಹತ್ತಿದ್ದವು. ಮಕ್ಕಳ ಪಾತ್ರದವರು ಜಗಳ ಶುರುಮಾಡಿದರು. ಗುರುಪಾದನ ಕಾಲು ಒತ್ತಿತು, ಬಿಟ್ಟಿತು. ಇನ್ನೂರ ಹನ್ನೆರಡು ಪ್ರಯೋಗಗಳಲ್ಲಿ ಅವನು ಹಾಗೆ ಕೂತದ್ದನ್ನು ನಾನು ಕಂಡಿರಲಿಲ್ಲ. ಅವನು ಏನನ್ನೂ ತೋರಿಸುತ್ತಿರಲಿಲ್ಲ. ಸುಮ್ಮನೆ ಸಾಯುತ್ತಿದ್ದ. ಕಾಲು ನಿಂತಿತು. ದೀಪದ ಸ್ಟ್ಯಾಂಡು ಹಿಡಿದವನೊಬ್ಬ ಮುಖ ಆಚೆ ತಿರುಗಿಸಿಕೊಂಡ. ಕ್ಯಾಮರಾದವನು ಮುಕುಂದನ ಕಡೆ ಬಾಗಿ ಪಿಸುಗುಟ್ಟಿದ: "ಮುಕುಂದರಾವ್, ಇನ್ನೊಮ್ಮೆ ಮಾಡಿಸಿ. ತೆಗೆದಿಟ್ಟುಕೊಳ್ಳೋಣ. ಸುಮ್ಮನೆ, ನಮಗೆ."

ಮುಕುಂದನ ಕೈ ಮೇಲೆದ್ದಿತು. ನಿಂಬಾಳ್ಕರ ಅವನನ್ನೇ ನೋಡುತ್ತಿದ್ದ. ಕೈ ಕೆಳಗಿಳಿಯಿತು. "ಬೇಡ," ಎಂದ ಮುಕುಂದ.

ಅಷ್ಟಕ್ಕೇ ಮುಗಿಯಲಿಲ್ಲ. ಸಮೀಪದ ಚಿತ್ರ ತೆಗೆಯುವಾಗ ಕಾಲು ಕಾಣುವುದಿಲ್ಲ, ಮುಖ ಕಾಣಬೇಕು ಎಂದು ನಿಂಬಾಳ್ಕರ ಹಟ ಹಿಡಿದ. ಕಾಲು ಹೋಗಿ ಬೆರಳು ಬಂತು. ನನ್ನ ಕೈಯ ಮೇಲೆ ಅವನ ತೋರುಬೆರಳು ಟಪಟಪ ಎಂದು ಬಡಿಯಿತು. ಯಾವ ನೇಕಾರನೂ ಬೆರಳಿನಿಂದ ಮಗ್ಗ ತುಳಿದದ್ದಿಲ್ಲ. ಅದನ್ನು ನೋಡಲು ಗುರುಪಾದ ಅಲ್ಲಿರಲಿಲ್ಲ. ಅವನು ಮಧ್ಯಾಹ್ನದ ಬಸ್ಸಿಗೇ ಹೋಗಿದ್ದ. ಹೋಗುವ ಮೊದಲು ಸ್ಟುಡಿಯೋ ಎದುರಿನ ಕ್ಷೌರದಂಗಡಿಯಲ್ಲಿ ಗಡ್ಡ ತೆಗೆಸಿಕೊಂಡನಂತೆ. ಯಾರೋ ನಗುತ್ತ ಹೇಳಿದರು.

ಸಿನಿಮಾಕ್ಕೆ ದೊಡ್ಡ ಪ್ರಶಸ್ತಿ ಬಂತು. ಮುಕುಂದ ನನ್ನನ್ನು ಬೆಳಗಾವಿಗೆ ಕಳಿಸಲಿಲ್ಲ. ದಾದರಿನ ಮನೆಯ ಹೊರಕೋಣೆಯಲ್ಲಿ ಇಟ್ಟುಕೊಂಡ. ಗುರುಪಾದ ಕೇಳಲೂ ಇಲ್ಲ, ಮತ್ತೆ ಬಣ್ಣ ಹಚ್ಚಲೂ ಇಲ್ಲ.

ಒಂದು ಬೆಳಿಗ್ಗೆ ಪತ್ರಕರ್ತನೊಬ್ಬ ಬಂದ. ಮುಕುಂದ ನನ್ನಲ್ಲಿ ಒರಗಿ ಕೂತಿದ್ದ.

"ಈ ಮುದುಕನನ್ನು ಎಲ್ಲಿ ಕಂಡಿರಿ?" ಎಂದು ಪತ್ರಕರ್ತ ಕೇಳಿದ.

ಮುಕುಂದ ನನ್ನ ಕೈಯನ್ನು ಸವರಿದ. "ಅವರು ನನ್ನ ತಂದೆ," ಎಂದ. "ಇದೇ ಕುರ್ಚಿಯಲ್ಲಿ ಹೋದರು. ನಾನು ಎದುರಿಗೇ ಇದ್ದೆ."

ಪತ್ರಕರ್ತ ಹೋದ ಮೇಲೆ ಶಾಲಿನಿ ಅಡುಗೆಮನೆಯ ಬಾಗಿಲಿಗೆ ಬಂದಳು. "ಮಾವನವರು ಕೋರ್ಟಿನಲ್ಲಿ ಗುಮಾಸ್ತರು. ಮಿರಜದ ಆಸ್ಪತ್ರೆಯಲ್ಲಿ ಹೋದರು. ನಾನೇ ಇದ್ದೆ ಅಲ್ಲಿ."

"ಜನರಿಗೆ ಒಂದು ಕತೆ ಬೇಕು ಶಾಲಿನಿ."

"ಅದು ಗುರುಪಾದ ಭಾವಜಿಯ ಕತೆ."

"ಬರೆದದ್ದು ನಾನು," ಎಂದ ಮುಕುಂದ. ಆ ದಿನ ಶಾಲಿನಿ ಅವನಿಗೆ ಊಟಕ್ಕೆ ಬಡಿಸಿದಳು, ಜೊತೆಗೆ ಕೂರಲಿಲ್ಲ.

ಆಮೇಲಿನ ಮೂವತ್ತು ವರ್ಷ ಅವನು ಕೆಲಸ ಮಾಡಿದ. ಎರಡನೆಯ ಸಿನಿಮಾ ವಾರವೂ ಓಡಲಿಲ್ಲ. ಮೂರನೆಯದರಲ್ಲಿ ಮತ್ತೊಬ್ಬ ಮುದುಕನನ್ನು ಕೊಂದ, ಜನ ಆಕಳಿಸಿದರು. ಆಮೇಲೆ ಗಂಡ ಸೀರೆ ಉಟ್ಟು ಅತ್ತೆಯಿಂದ ಅಡಗುವ ನಗೆನಾಟಕಗಳು, ಅದರ ನಂತರ ಟಿವಿ ಧಾರಾವಾಹಿಗಳು. ಒಂದರಲ್ಲಿ ಮಾವನ ಪಾತ್ರದವನಿಗೆ ಕಾಲು ಅಲುಗಿಸಲು ಹೇಳಿಕೊಟ್ಟನಂತೆ. ಚಾನೆಲ್ಲಿನವರು, ಇದೇನು ರೋಗವೇ, ತೆಗೆಯಿರಿ ಎಂದರಂತೆ. ಮನೆಗೆ ಬಂದು ಅದನ್ನು ಹೇಳುವಾಗ ಮುಕುಂದ ನಗಲು ನೋಡಿದ. ಶಾಲಿನಿ ನಗಲಿಲ್ಲ. ಅವಳು ತೀರಿಕೊಂಡ ಮೇಲೆ ಮನೆಯಲ್ಲಿ ಅವನಿಗೆ ಇದಿರಾಡುವವರೂ ಇರಲಿಲ್ಲ. ಸಂದರ್ಶನಕ್ಕೆ ಬಂದವರಿಗೆಲ್ಲ ಅವನು ಅಪ್ಪನ ಸಾವನ್ನು ಹೇಳುತ್ತಿದ್ದ. ಒಂದೊಂದು ಸಲಕ್ಕೂ ಅದರಲ್ಲಿ ಒಂದೊಂದು ಹೊಸ ವಿವರ ಸೇರುತ್ತಿತ್ತು. ಕೊನೆಕೊನೆಗೆ ಹೇಳುವಾಗ ಅವನ ಕಣ್ಣು ನಿಜವಾಗಿಯೂ ಒದ್ದೆಯಾಗುತ್ತಿತ್ತು.

ಎಪ್ಪತ್ತೈದು ತುಂಬಿದಾಗ ಬೆಳಗಾವಿಯ ಒಂದು ನಾಟ್ಯಸಂಸ್ಥೆ ಸನ್ಮಾನಕ್ಕೆ ಕರೆಯಿತು. ಕುರ್ಚಿಯನ್ನೂ ತನ್ನಿ ಎಂದರು. ನನ್ನನ್ನು ಜೀಪಿನಲ್ಲಿ ಹಾಕಿಕೊಂಡು ಬಂದ ಮುಕುಂದ, ಸಭೆಗೆ ಹೋಗುವ ಮೊದಲು ಶಹಾಪುರದ ಓಣಿಗೆ ತಿರುಗಿಸಲು ಹೇಳಿದ. ಗುರುಪಾದ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದ. ಮಗಳು ಮಹಾನಂದಾ ಚಾಪೆ ಹಾಸಿದಳು.

"ಗುರ್‍ಯಾ, ಇವತ್ತು ಬಾರೋ. ಸ್ಟೇಜಿನ ಮ್ಯಾಲ ಒಂದ್ಸಲ ಕುಂಡ್ರು. ಶೂಟಿಂಗ್ ಮಾಡಾವ್ರು ಬಂದಾರ. ಅವತ್ತು ತೆಗಿಲಿಲ್ಲ, ಇವತ್ತರೆ ತಗಸ್ತೇನಿ."

ಗುರುಪಾದ ಜೀಪಿನಲ್ಲಿದ್ದ ನನ್ನನ್ನು ನೋಡಿದ. ಎದ್ದು ಬಂದು ಮುಟ್ಟಲಿಲ್ಲ.

"ನನಗ ಅಪ್ಪನ ಕಾಲು ನೆನಪಿಲ್ಲ ಮುಕುಂದಾ."

"ಅಂದ್ರ?"

"ಕಣ್ಣು ಮುಚ್ಚಿದ್ರ ನನ್ನ ಕಾಲೇ ಕಾಣತೈತಿ, ಸ್ಟೇಜಿನ ಮ್ಯಾಲಿಂದು. ಇಲ್ಲಾಂದ್ರ ಸಿನಿಮಾದಾಗ ಟಪಟಪ ಬಡಿಯೂ ಆ ನಿಂಬಾಳ್ಕರನ ಬಟ್ಟು. ಅಪ್ಪ ಕಾಣವಲ್ಲ. ಎಷ್ಟೋ ವರ್ಷ ಆತು."

ಮುಕುಂದ ತಲೆ ತಗ್ಗಿಸಿದ. "ನಂದು ತಪ್ಪಾತೋ."

"ನಿಂದೊಂದ ಅಲ್ಲ. ಇನ್ನೂರಾ ಹನ್ನೆರಡ ಸಲ ಕುಂತಾವ ನಾನು. ಚಪ್ಪಾಳಿ ಬಿದ್ರ ಖುಷಿ ಆಗತಿತ್ತು ನನಗ." ಗುರುಪಾದ ಮಗಳ ಕಡೆ ತಿರುಗಿದ. "ಮಹಾನಂದಾ, ಚಾ ಕೊಡವಾ ಇವರಿಗೆ. ಸಭಾಕ್ಕ ತಡಾ ಆಗತೈತಿ."

ಚಹಾ ಕುಡಿದು ಮುಕುಂದ ಹೊರಟ.

ಸಭೆಯಲ್ಲಿ ಶಾಲು ಹೊದಿಸಿದರು. ಅವನು ಮೈಕಿನೆದುರು ನನ್ನ ಬೆನ್ನಿನ ಮೇಲೆ ಕೈಯಿಟ್ಟು ನಿಂತ. ಆ ಕೈ ಬೆವರಿತ್ತು. ಈಗ ಹೇಳುತ್ತಾನೆ ಎಂದುಕೊಂಡೆ. ಈರಪ್ಪ ಎಂಬ ಮೂರಕ್ಷರ ಸಾಕಿತ್ತು. ಅವನು ಅಷ್ಟು ಹೊತ್ತು ಸುಮ್ಮನಿದ್ದುದನ್ನು ಕಂಡು, ಭಾವುಕರಾಗಿದ್ದಾರೆ ಎಂದು ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ನಿಂತ ಮೇಲೆ ಅವನು ಬಾಯಿ ತೆರೆದ.

"ನನ್ನ ತಂದೆ," ಎಂದ.

ಅಂದೇ ನನ್ನನ್ನು ಸಂಸ್ಥೆಗೆ ದಾನ ಕೊಟ್ಟುಬಿಟ್ಟ. ಮುಂದಿನ ವರ್ಷ ಮುಂಬಯಿಯಲ್ಲಿ ತೀರಿಕೊಂಡನಂತೆ. ಆಮೇಲೆ ಎರಡು ಮಳೆಗಾಲ ಕಳೆದು ಗುರುಪಾದನೂ ಹೋದ. ಅದು ನನಗೆ ತಿಳಿದದ್ದು ಮಹಾನಂದಾ ಇಲ್ಲಿಗೆ ಬಂದಾಗ.

ಇಲ್ಲಿ ಎಂದರೆ ರಂಗಮಂದಿರದ ಒಳಗಿನ ಮೂಲೆ. ನನ್ನ ಸುತ್ತ ಹಗ್ಗ ಕಟ್ಟಿದ್ದಾರೆ. ಎದುರಿಗೆ ಒಂದು ಫಲಕ ಇದೆ. ಮಹಾನಂದಾ ವ್ಯವಸ್ಥಾಪಕರ ಮುಂದೆ ನಿಂತು ಮೆಲ್ಲಗೆ ಕೇಳಿದಳು.

"ಸರ್, ಈ ಕುರ್ಚಿ ನಮಗ ಕೊಡ್ತೀರೇನ್ರಿ? ನಮ್ಮಜ್ಜಂದ್ರಿ ಇದು."

ವ್ಯವಸ್ಥಾಪಕ ಒಳ್ಳೆಯ ಮನುಷ್ಯ. ಅವಳಿಗೆ ಕೂರಲು ಸ್ಟೂಲು ಕೊಟ್ಟ. "ಹೆಂಗ ಸಾಧ್ಯ ಬಾಯಾರ? ಮುಕುಂದರಾವ್ ಅವರ ತಂದಿ ತೀರಿಕೊಂಡ ಕುರ್ಚಿ ಇದು. ಓದ್ರಿ, ಬರದೈತಿ. ನಿಮ್ಮ ಕಡೆ ಕಾಗದ ಏನರ ಐತೇನ್ರಿ?"

"ಕುರ್ಚಿಗೆ ಎಲ್ಲೀ ಕಾಗದ್ರಿ."

ಅವಳು ಫಲಕವನ್ನು ಓದಿದಳು. ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ನಂತರ ಹಗ್ಗದಾಚೆಯಿಂದ ಬಾಗಿ ಸೆರಗಿನಿಂದ ನನ್ನ ಕೈಯ ಮೇಲಿನ ಧೂಳು ಒರೆಸಿ, ಬರ್ತೇನ್ರಿ ಎಂದು ಹೊರಟಳು.

ನನ್ನ ಹಿಂಗಾಲಿಗೆ ಗೆದ್ದಲು ಹತ್ತಿ ಆರು ತಿಂಗಳಾಯಿತು. ಇದಕ್ಕೆ ಔಷಧ ಹೊಡೆಯಬೇಕು, ಬೆಲೆಬಾಳುವ ಕುರ್ಚಿ ಎಂದು ಗುಡಿಸುವಾಕೆ ಎರಡು ಸಲ ಹೇಳಿದ್ದಾಳೆ. ಹೊಡೆಯದಿದ್ದರೆ ಒಳ್ಳೆಯದು. ಬೇರೆಯವರ ಅಪ್ಪನ ಹೆಸರಿನಲ್ಲಿ ನೂರು ವರ್ಷ ಬಾಳುವುದಕ್ಕಿಂತ ಈರಪ್ಪನ ಕುರ್ಚಿಯಾಗಿ ಮಣ್ಣಾಗುವುದೇ ನನಗೆ ಮೇಲು.