ದೊಡ್ಡಮ್ಮನ ಬಾಯಿಗೆ ಬಟ್ಟೆ

ಬೀಗ ರಿಪೇರಿಯವನ ಮನೆಯಲ್ಲಿ ಎರಡು ಬೈಕುಗಳಿದ್ದವು. ಒಂದು ದೊಡ್ಡಮ್ಮ, ಇನ್ನೊಂದು ಚಿಕ್ಕಮ್ಮ. ಚಿಕ್ಕಮ್ಮ ಹಗುರ, ಗುಂಡಿ ಒತ್ತಿದರೆ ಹೊರಟೇಬಿಡುತ್ತಾಳೆ. ದೊಡ್ಡಮ್ಮನದು ಭಾರೀ ಮೈ. ಕಿಕ್ ಹೊಡೆದೇ ಎಬ್ಬಿಸಬೇಕು, ಎದ್ದಮೇಲೂ ಒಂದಿಷ್ಟು ಗೊಣಗಾಟ. ಆದರೂ ಅವನ ಜೀವವೆಲ್ಲ ದೊಡ್ಡಮ್ಮನ ಮೇಲೆಯೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗೆ.

ಚಳಿಗಾಲ ಬಂತೆಂದರೆ ಆ ಬೆಟ್ಟದೂರಿನ ರಸ್ತೆಗಳ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ಆಗ ಬೈಕು ಹತ್ತುವವರು ಹುಚ್ಚರು ಮಾತ್ರ. ಹಾಗಾಗಿ ಪ್ರತಿವರ್ಷ ಕೊನೆಯ ಸುತ್ತು ಮುಗಿಸಿ ಬಂದು ಅವನು ಇಬ್ಬರನ್ನೂ ಮಲಗಿಸುತ್ತಿದ್ದ. ತೊಳೆದು ಒರೆಸಿ, ಟ್ಯಾಂಕು ತುಂಬಿಸಿ, ಚೈನಿಗೆ ಎಣ್ಣೆ ಹಚ್ಚಿ, ಇಲಿಗಳು ಒಳಗೆ ಸಂಸಾರ ಹೂಡದಂತೆ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ ಹೊದಿಕೆ ಹೊದಿಸುತ್ತಿದ್ದ.

ಈ ವರ್ಷ ಮಲಗಬೇಕಾದವಳು ಚಿಕ್ಕಮ್ಮ ಒಬ್ಬಳೇ. ಅವನ ಬಲಮಂಡಿ ಸವೆದುಹೋಗಿತ್ತು. ಮೊನ್ನೆ ಸಿಗ್ನಲ್ಲಿನಲ್ಲಿ ಕಾಲು ಊರಲಾಗದೆ ದೊಡ್ಡಮ್ಮನ ಸಮೇತ ಉರುಳಿದ್ದ.

"ಅದನ್ನ ಮಾರಿ, ಇಲ್ಲಾ ನನ್ನನ್ನ ತವರಿಗೆ ಕಳ್ಸಿ. ನಿಮ್ಮನ್ನ ನಾಲ್ಕು ಜನ ಹೊತ್ಕೊಂಡು ಬರೋದನ್ನ ನೋಡೋಕೆ ನನ್ ಕೈಲಾಗಲ್ಲ," ಎಂದು ಹೆಂಡತಿ ಕಣ್ಣೀರು ಹಾಕಿದ್ದಳು. ಅವನು ಒಪ್ಪಿದ. ಒಪ್ಪಿದ ಮೇಲೆ ಅನ್ನ ಸೇರದಾಯಿತು, ಅದು ಬೇರೆ ಮಾತು.

ಶನಿವಾರ ದೊಡ್ಡಮ್ಮನನ್ನು ಕೊನೆಯ ಸಲ ತೊಳೆದ. ಕಣ್ಣು ಮಂಜಾಗಿತ್ತು, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಭಾನುವಾರ ಬೆಳಗ್ಗೆ ಕೊಳ್ಳುವವನು ಬಂದ. ಹೊಸ ಚರ್ಮದ ಜಾಕೆಟ್ಟು, ಗತ್ತು ಬೇರೆ. ಕಿಕ್ ಹೊಡೆದ. ಮತ್ತೆ ಹೊಡೆದ. ಜಪ್ಪಯ್ಯ ಅಂದರೂ ದೊಡ್ಡಮ್ಮ ಏಳಲಿಲ್ಲ.

"ಒಂದ್ನಿಮಿಷ ಇರಿ," ಎಂದು ಬೀಗ ರಿಪೇರಿಯವನು ಗಾಬರಿಯಲ್ಲಿ ಪ್ಲಗ್ಗು ಬಿಚ್ಚಿ ನೋಡಿದ. ಕಿಡಿ ಹಾರುತ್ತಿತ್ತು, ಪೆಟ್ರೋಲೂ ಬರುತ್ತಿತ್ತು. ತಾನೇ ಒದೆಯಲು ಹೋದ, ಮಂಡಿ ಕಳಕ್ಕೆಂದು, "ಅಯ್ಯಮ್ಮಾ!" ಎನ್ನುತ್ತ ಕುಸಿದ. ಬಾಗಿಲಲ್ಲಿ ನಿಂತು ಬೈಕಿನ ಹಿಂಬದಿಯನ್ನೇ ನೋಡುತ್ತಿದ್ದ ಹೆಂಡತಿ ಏನೋ ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಜಾಕೆಟ್ಟಿನವನು ಬೂಟುಗಾಲಲ್ಲಿ ಚಕ್ರಕ್ಕೆ ಒದ್ದ. "ಇದೇನ್ರೀ, ಬೈಕಾ ಹೆಣಾನಾ? ಗುಜರಿಗೆ ಹಾಕಿ!"

ಅವಳು ತೆರೆದ ಬಾಯಿ ಮುಚ್ಚಿದಳು. ಅವನು ಗೇಟು ದಾಟಿ ಹೋಗುವವರೆಗೂ ತುಟಿ ಪಿಟಕ್ಕೆನ್ನಲಿಲ್ಲ.

ಬೀಗ ರಿಪೇರಿಯವನು ನೆಲದಲ್ಲೇ ಕೂತು ಚಕ್ರದ ಮೇಲಿನ ಬೂಟಿನ ಗುರುತು ಒರೆಸತೊಡಗಿದ. ಒಂದು ದಿನವೂ ಕೈಕೊಡದವಳು, ಹೊರಗಿನವನೆದುರು ಹೀಗೆ ಮಾನ ಕಳೆದುಕೊಂಡಳಲ್ಲ ಎಂದುಕೊಂಡ. ಒರೆಸುತ್ತ ಒರೆಸುತ್ತ ಕಣ್ಣು ಸೈಲೆನ್ಸರ್ ಕಡೆ ಹೋಯಿತು. ಅದರ ಬಾಯೊಳಗೆ ನೀಲಿ ಹೂವಿನ ದಿಂಬಿನ ಬಟ್ಟೆ! ಮಾರಬೇಕಾದವಳನ್ನೂ ಶನಿವಾರ ರೂಢಿಯ ಮೇಲೆ ಮಲಗಿಸಿಬಿಟ್ಟಿದ್ದ. ಉಸಿರು ಕಟ್ಟಿಸಿಟ್ಟು ಏಳು ಎಂದರೆ ಪಾಪ ಹೇಗೆ ಎದ್ದಾಳು?

"ನಿಂಗೆ ಇದು ಕಂಡಿತ್ತಾ?" ಎಂದು ಹೆಂಡತಿಯನ್ನು ಕೇಳಿದ.

"ಕಾಣ್ದೆ ಏನು? ಆ ದಿಂಬು ಹರಿದು ಕೊಟ್ಟೋಳೇ ನಾನು."

"ಮತ್ತೆ ಹೇಳ್ಬಾರ್ದಿತ್ತಾ? ಮಾರು ಮಾರು ಅಂತ ಪ್ರಾಣ ತಿಂದೋಳು ನೀನೇ ಅಲ್ವೇನೇ?"

"ಹೇಳೋಣ ಅಂತಾನೇ ಇದ್ದೆ. ಒದ್ದನಲ್ಲ ಆ ಮುಠ್ಠಾಳ! ಒದೆಯೋನ ಮನೆಗೆ ಹೆಣ್ಣು ಕೊಡೋಕಾಗುತ್ತೇನ್ರೀ?"

ಅವಳು ಬಂದು ಬಟ್ಟೆ ಎಳೆದು ತೆಗೆದಳು. ಅವನನ್ನು ಪಕ್ಕಕ್ಕೆ ಸರಿಸಿ, ಹ್ಯಾಂಡಲ್ ಹಿಡಿದು, ತನ್ನ ಗಟ್ಟಿ ಕಾಲಿನಿಂದ ಒಂದು ಕಿಕ್ ಹೊಡೆದಳು. ಎರಡನೆಯದಕ್ಕೆ ದೊಡ್ಡಮ್ಮ ಕೆಮ್ಮಿ, ಗೊಣಗಿ, ಗುಡುಗುಡು ಎಂದು ಎದ್ದಳು.

"ಇನ್ಮೇಲೆ ಎಬ್ಬಿಸೋದು ನಾನು. ಹಿಂದೆ ನಾನು ಕೂತಿದ್ರೆ ಮಾತ್ರ ಗೇಟು ದಾಟೋದು. ನೀವು ಊರದಿದ್ರೆ ನಾನು ಕಾಲು ಊರ್ತೀನಿ."

ಅವನು ಕಣ್ಣೊರೆಸಿಕೊಂಡು ತಲೆಯಾಡಿಸಿದ.

ಅವಳು ಎಂಜಿನ್ ಆರಿಸಿ, ಮಸಿಯಾದ ಆ ಹೂವಿನ ಬಟ್ಟೆಯನ್ನು ಅವನ ಕೈಗಿತ್ತಳು. "ಹೂಂ, ಈಗ ಮಲಗಿಸಿ."