ಅಮೃತಾಳ ಕಂಪ್ಯೂಟರಿಗೆ ಬಂದ ಜ್ವರ

ಅಡ್ಡಾದಿಡ್ಡಿ ಬಿದ್ದದ್ದನ್ನು ಕಂಡರೆ ಗುರುಶಾಂತನ ಕೈ ಸುಮ್ಮನಿರುತ್ತಿರಲಿಲ್ಲ. ಹರಪನಹಳ್ಳಿಯಲ್ಲಿ ಅವನದು ಮೆಕ್ಕೆಜೋಳದ ವ್ಯಾಪಾರ. ಅಂಗಡಿಯಲ್ಲಿ ಒಂದು ಚೀಲ ಸೊಟ್ಟಗೆ ಕೂತಿದ್ದರೂ ಉಣ್ಣುವುದನ್ನು ಬಿಟ್ಟು ಎದ್ದುಹೋಗಿ ನೆಟ್ಟಗೆ ಮಾಡುವ ಆಸಾಮಿ ಅವನು. ಇಂಥವನಿಗೆ ಹೆಂಡತಿಯಾಗಿ ಬಂದ ಅಮೃತಾ, ಮದುವೆಯ ಸಾಮಾನಿನ ಜೊತೆ ಒಂದು ಕಂಪ್ಯೂಟರನ್ನೂ ತಂದಿದ್ದಳು. ಕೊಟ್ಟೂರಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಪಾಠ ಹೇಳಿ, ಆ ದುಡಿಮೆಯಲ್ಲಿ ತಾನೇ ಕೊಂಡದ್ದು. "ಇದೊಂದನ್ನ ಮಾತ್ರ ಯಾರೂ ಮುಟ್ಟಬ್ಯಾಡ್ರಿ" ಎಂದು ಬಂದ ಹೊಸದರಲ್ಲೇ ಹೇಳಿದ್ದಳು.

ಆ 'ಯಾರೂ' ಅನ್ನುವುದರಲ್ಲಿ ಕಟ್ಟಿಕೊಂಡ ಗಂಡನೂ ಸೇರಿದ್ದಾನೆ ಅನ್ನುವುದು ಗುರುಶಾಂತನನ್ನು ಒಳಗೊಳಗೇ ಚುಚ್ಚುತ್ತಿತ್ತು. ಅವಳು ಬಿಎಸ್ಸಿ; ತಾನು ಪಿಯುಸಿಯಲ್ಲಿ ಡುಮ್ಕಿ ಹೊಡೆದವನು. ತನ್ನನ್ನು ಜೋಳ ಅಳೆಯುವುದಕ್ಕಷ್ಟೇ ಲಾಯಕ್ಕು ಅಂದುಕೊಂಡಿದ್ದಾಳೋ ಏನೋ ಎಂಬ ಅಳುಕು ಅವನಿಗೆ ಇದ್ದೇ ಇತ್ತು.

ಒಂದು ಭಾನುವಾರ ಅಮೃತಾ ಚಿಕ್ಕಮ್ಮನ ಮಗಳ ಉಡಿ ತುಂಬುವ ಕಾರ್ಯಕ್ಕೆಂದು ಕಾನಹೊಸಹಳ್ಳಿಗೆ ಹೋದಳು. ಅವಳು ಹತ್ತಿದ ಬಸ್ಸು ಊರು ದಾಟುವಷ್ಟರಲ್ಲಿ ಗುರುಶಾಂತ ಕಂಪ್ಯೂಟರಿನ ಮುಚ್ಚಳ ಬಿಚ್ಚಿದ್ದ. ಒಳಗೆ ನೋಡಿದರೆ ವೈರುಗಳ ರಾಶಿ, ಧೂಳು, ಅಡ್ಡಡ್ಡ ಕೂತ ಹಾರ್ಡ್ ಡಿಸ್ಕು. ಅವನ ಜೀವ ತಡೆಯಲಿಲ್ಲ. ಡಿಸ್ಕನ್ನು ಕೆಳಗಿನ ಗೂಡಿಗೆ ಇಳಿಸಿದ, ವೈರುಗಳನ್ನು ಅಂಗಡಿಯ ಸುತಲಿಯಿಂದ ಜಡೆಯ ಹಾಗೆ ಕಟ್ಟಿದ, ಧೂಳು ಹೊಡೆಯಲೆಂದು ಪ್ರೊಸೆಸರಿನ ಮೇಲಿದ್ದ ಫ್ಯಾನನ್ನೂ ಅದರಡಿಯ ಅಲ್ಯೂಮಿನಿಯಂ ಗಟ್ಟಿಯನ್ನೂ ಕಿತ್ತ. ಎಲ್ಲ ಒರೆಸಿ, ಎಲ್ಲ ಜೋಡಿಸಿ, ಹೆಂಡತಿ ಬಂದಾಗ ಹೇಳಬೇಕಾದ ಮಾತನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡು ಸ್ವಿಚ್ಚು ಒತ್ತಿದ.

ಕಂಪ್ಯೂಟರ್ ಎದ್ದಿತು. ತುಸು ಹೊತ್ತಿಗೆ ಕೀಂ ಕೀಂ ಎಂದು ಕೂಗಿ, ತನ್ನಷ್ಟಕ್ಕೆ ತಾನೇ ಮಲಗಿತು. ಮತ್ತೆ ಎಬ್ಬಿಸಿದ, ಮತ್ತೆ ಮಲಗಿತು. ಪರದೆಯ ಮೇಲೆ ಪ್ರೊಸೆಸರಿನ ಬಿಸಿ ಮಿತಿ ಮೀರಿದೆ ಎಂದು ಇಂಗ್ಲಿಷಿನಲ್ಲಿ ಬಂದದ್ದನ್ನು ಅಕ್ಷರ ಕೂಡಿಸಿ ಓದಿದ.

ಸುತಲಿ ಬಿಚ್ಚಿದ. ಡಿಸ್ಕನ್ನು ಹಳೆಯ ಗೂಡಿಗೇ ಏರಿಸಿದ. ಒಳಗಿನ ಫ್ಯಾನು ಗಿರ್ರನೆ ತಿರುಗುತ್ತಲೇ ಇತ್ತು; ಆದರೂ ಬಿಸಿ ಇಳಿಯಲಿಲ್ಲ. ಕೊನೆಗೆ ಅವ್ವ ಅನ್ನದಾನಮ್ಮನ ಮಂಚದ ಪಕ್ಕದ ಟೇಬಲ್ ಫ್ಯಾನನ್ನೇ ತಂದು ಕಂಪ್ಯೂಟರಿನ ಎದುರು ಇಟ್ಟ.

"ಹಡದವ್ವ ಇಲ್ಲಿ ಬೆವರಾಕತ್ತೀನಿ, ನೀನು ಡಬ್ಬಿಗೆ ಗಾಳಿ ಹಾಕಾಕತ್ತೀಯೇನಪಾ?" ಎಂದಳು ಅನ್ನದಾನಮ್ಮ.

"ಅದಕ್ಕ ಜ್ವರ ಬಂದೈತಬೇ."

"ಹಂಗಾರ ಒದ್ದಿ ಬಟ್ಟಿ ಹಾಕು. ಸೊಸಿ ಬಂದಿಂದ ನಿನಗ ಹಾಕ್ತಾಳ."

ಅಮೃತಾ ಬಂದಳು. ಮುಚ್ಚಳ ತೆರೆದ ಕಂಪ್ಯೂಟರನ್ನು ನೋಡಿದಳು, ಗಂಡನ ಮುಖ ನೋಡಿದಳು. ಗುರುಶಾಂತ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ. "ಒಳಗ ಭಾಳ ಗೊಂದಲ ಇತ್ತು, ಸುತಲಿಲೆ ವೈರ್ ಕಟ್ಟಿ ಸ್ವಲ್ಪ ಚಂದ ಮಾಡೋಣಂತ..." ಎಂದು ಅಷ್ಟಕ್ಕೇ ನಿಲ್ಲಿಸಿದ. ಅವಳು ಬೈದಿದ್ದರೂ ಹಗುರವಾಗುತ್ತಿತ್ತು. ಅವಳು ಸೆರಗು ಸಿಕ್ಕಿಸಿ ಕಂಪ್ಯೂಟರಿನ ಮುಂದೆ ಕೂತಳು. ತಾನು ಹೆಡ್ಡ ಅನ್ನುವುದನ್ನು ತಾನೇ ರುಜುವಾತು ಮಾಡಿಕೊಟ್ಟೆನಲ್ಲ ಎಂದು ಅವನಿಗೆ ಅಳುವೇ ಬಂತು.

ಅಮೃತಾ ಸ್ವಿಚ್ಚು ಒತ್ತಿ, ಯಾವುದೋ ಕೀಲಿ ಅಮುಕಿ, ಪರದೆಯ ಮೇಲೆ ಬಿಸಿಯ ಅಂಕಿ ತರಿಸಿದಳು. ಅದು ನೋಡನೋಡುತ್ತ ತೊಂಬತ್ತರ ಹತ್ತಿರ ಹೋಯಿತು. ಫ್ಯಾನಿನ ಕೆಳಗಿನ ಅಲ್ಯೂಮಿನಿಯಂ ಗಟ್ಟಿಯನ್ನು ಬೆರಳಿನಿಂದ ಮುಟ್ಟಿ ಹುಬ್ಬು ಗಂಟಿಕ್ಕಿದಳು.

"ಕೆಳಗ ಪ್ರೊಸೆಸರ್ ಸುಡಾಕತ್ತೈತಿ, ಮ್ಯಾಲಿನ ಗಟ್ಟಿ ತಣ್ಣಗೈತಿ. ಬಿಸಿ ಮ್ಯಾಲ ಬರವಲ್ದು. ನಡಕ ಏನು ಮಾಡೀರಿ?"

"ಏನೂ ಇಲ್ಲ. ಒರಸೀನಿ ಅಷ್ಟ."

ಅವಳು ಕರೆಂಟು ತೆಗೆದು ಗಟ್ಟಿಯನ್ನು ಮೆಲ್ಲಗೆ ಎತ್ತಿದಳು. ಪ್ರೊಸೆಸರಿನ ನೆತ್ತಿಯ ಮೇಲೆ ಬೆಳ್ಳಗೆ, ನೆಟ್ಟಗೆ, ಮೂರು ಗೆರೆ ವಿಭೂತಿ.

"ಇದೇನ್ರಿ ಇದು?"

"ಮೊದಲಽ ಬೆಳ್ಳಗ ಇತ್ತಲ್ಲ, ಒಣಗಿ ಹಕ್ಕಳಿಗಟ್ಟಿತ್ತು" ಎಂದ ಗುರುಶಾಂತ ತಲೆ ತಗ್ಗಿಸಿ. "ನಿಮ್ಮಪ್ಪಾರು ಫ್ಯಾನು, ಮಿಕ್ಸಿ, ಸಿಲಿಂಡರ್ ಯಾವುದನ್ನೂ ಬಿಡೂದಿಲ್ಲ, ಎಲ್ಲಕ್ಕೂ ಹಚ್ತಾರ. ಇದಕ್ಕೂ ಹಚ್ಚ್ಯಾರಂತ ತಿಳಿದೆ. ಧೂಳಿನ ಜೊತಿ ಅದೂ ಅಳಿಸಿ ಹೋತು. ನಿನ್ನ ತವರಿನವರು ಹಚ್ಚಿದ್ದನ್ನ ಅಳಿಸಿ ಬರೇ ಹಣಿ ಬಿಡಾಕ ಮನಸ್ಸು ಬರಲಿಲ್ಲ. ಜಳಕ ಮಾಡಿ ಬಂದು ಹೊಸಾದು ಹಚ್ಚೀನಿ."

ಅಮೃತಾ ನಕ್ಕ ನಗೆಗೆ ಅನ್ನದಾನಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳು. ನಗು ನಿಂತು ಮತ್ತೆ ಬಂತು. "ಅದು ವಿಭೂತಿ ಅಲ್ರಿ, ಪೇಸ್ಟು! ಕೆಳಗಿನ ಬಿಸಿ ಮ್ಯಾಲಿನ ಗಟ್ಟಿಗೆ ದಾಟಲಿ ಅಂತ ಹಚ್ಚೂದು. ನೀವು ಬೂದಿ ಬಡದು ಅದರ ಹಾದಿ ಮುಚ್ಚೀರಿ" ಎಂದು ಕಣ್ಣೊರೆಸಿಕೊಂಡಳು.

ಆಮೇಲೆ ತಲೆ ಎತ್ತಿ ಅವನನ್ನೇ ನೋಡಿದಳು. ಜಳಕ ಮಾಡಿ ಬಂದು ಈ ಡಬ್ಬಿಯ ಮುಂದೆ ಮಂಡಿಯೂರಿ ಕೂತ ಗಂಡ ಅವಳ ಕಣ್ಣಿಗೆ ಕಟ್ಟಿರಬೇಕು. ಗುರುಶಾಂತನನ್ನು ಅವಳು ಅಷ್ಟು ಹೊತ್ತು ಎಂದೂ ನೋಡಿರಲಿಲ್ಲ.

ವಿಭೂತಿಯನ್ನು ಹತ್ತಿಯಿಂದ ಒರೆಸಿ ತೆಗೆದು, ತನ್ನ ಪೆಟ್ಟಿಗೆಯಿಂದ ಪೇಸ್ಟಿನ ಸಣ್ಣ ಟ್ಯೂಬು ತಂದಳು. ಅವನು ಬಾಗಿಲ ಕಡೆ ಸರಿದು ನಿಂತ.

"ಎಲ್ಲಿ ಹೊಂಟ್ರಿ? ಕುಂದರ್ರಿ ಇಲ್ಲಿ" ಎಂದು ಟ್ಯೂಬನ್ನು ಅವನ ಕೈಗೇ ಕೊಟ್ಟಳು. "ನೀವಽ ಹಚ್ಚರಿ. ಅಕ್ಕಿಕಾಳಿನಷ್ಟು ಸಾಕು. ಗೆರಿ ಎಳೀಬ್ಯಾಡ್ರಿ ಮತ್ತ."

ಅವನು ಟ್ಯೂಬು ಬಾಗಿಸಿದ. ಅವಳು ಅವನ ಕೈಯ ಮೇಲೆ ತನ್ನ ಕೈ ಇಟ್ಟು ಹಿಡಿದಳು. ಹಚ್ಚಿ, ಕೂಡಿಸಿ, ಸ್ವಿಚ್ಚು ಒತ್ತಿದರೆ ಅಂಕಿ ನಲವತ್ತೈದಕ್ಕೆ ನಿಂತಿತು.

"ಸುತಲಿಲೆ ವೈರ್ ಕಟ್ಟಿದ್ದೆ ಅಂದ್ರೆಲ್ಲ, ಹೆಂಗ ಕಟ್ಟಿದ್ರಿ?" ಎಂದಳು ಅಮೃತಾ. "ಸುತಲಿ ತರ್ರಿ, ನನಗೂ ಕಲಿಸಿರಂತ."